ಅಜ್ಜನ ಕೋವಿಗೆ ಹೊಸ ಮರ: ಬೀಟೆಯೋ, ತೇಗವೋ, ವಾಲ್‌ನಟ್ಟೋ?

ಗೋಡೆಗೆ ಒರಗಿಸಿಟ್ಟಿದ್ದ ಕೋವಿ ಜಾರಿ ಕಾವಿ ನೆಲದ ಮೇಲೆ ಬಿತ್ತು. ಕಬ್ಬಿಣಕ್ಕೆ ಏನೂ ಆಗಲಿಲ್ಲ. ಆದರೆ ಟ್ರಿಗರ್ ಹಿಂದೆ, ಕೈ ಹಿಡಿಯುವ ಸಣ್ಣ ಕತ್ತಿನ ಹತ್ತಿರ, ಮರ ಉದ್ದಕ್ಕೆ ಸೀಳಿತು. ಅಜ್ಜನ ಕಾಲದ ಝೆಕ್ ಪಾಯಿಂಟ್ 22 ರೈಫಲ್ ಅದು. ಅರುವತ್ತು ವರ್ಷದ ಮರ, ಒಂದು ಸಲ ಬಿದ್ದಿದ್ದಕ್ಕೆ ಹೋಯಿತು.

ಮುಂದಿನ ಎರಡು ವರ್ಷದಲ್ಲಿ ಅದೇ ಕೋವಿಗೆ ನಾನು ಎರಡು ಸ್ಟಾಕ್, ಅಂದರೆ ಕಬ್ಬಿಣ ಕೂರುವ ಮರದ ಭಾಗ, ಮಾಡಿಸಿದೆ. ಮೊದಲನೆಯದು ಪೂರ್ತಿ ತಪ್ಪು. ಎರಡನೆಯದು ಈಗಲೂ ಕೋವಿಯ ಮೇಲಿದೆ. ಯಾವ ಮರ ತಗೊಳ್ಳಬೇಕು, ಅದಕ್ಕೆ ಏನು ಬಳಿಯಬೇಕು ಅಂತ ಕೊಡಗಿನ ಪರಿಚಯದವರು ಮೂರ್ನಾಲ್ಕು ಮಂದಿ ಕೇಳಿದರು. ಅದಕ್ಕೇ ಇದನ್ನು ಬರೆದಿಟ್ಟಿದ್ದೇನೆ.

ಶುರುವಿಗೇ ಒಂದು ಮಾತು. ಬೇಟೆ ಕೋವಿ ಅಂತ ಬಾಯಿರೂಢಿಗೆ ಹೇಳುತ್ತೇವೆ, ಆದರೆ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆಯ ಕಾಲ ಮುಗಿಯಿತು. ಈಗ ಕೊಡಗಿನ ಮನೆಗಳಲ್ಲಿ ಕೋವಿ ಹೊರಗೆ ಬರುವುದು ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ದಿನ ತೋಕ್ ಪೂ (ಕೋವಿ ಹೂವು) ಸಿಕ್ಕಿಸಿ ಪೂಜೆಗೆ ಇಡುವಾಗ, ಸುಗ್ಗಿ ಹಬ್ಬ ಪುತ್ತರಿಗೆ ಕದಿರು ತೆಗೆಯುವಾಗ ಒಂದು ಗುಂಡು ಹಾರಿಸಲು, ಇಲ್ಲವೇ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ. ಇನ್ನು, ಕೋವಿ ರಿಪೇರಿ ಮಾಡುವವರಿಗೂ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಬೇಕು. ನಳಿಗೆ, ಬೋಲ್ಟ್, ಟ್ರಿಗರ್ ಇರುವ ಭಾಗವನ್ನು ಊರ ಆಚಾರಿಯ ಕೊಟ್ಟಿಗೆಯಲ್ಲಿ ಬಿಟ್ಟು ಬರುವ ಹಾಗೇ ಇಲ್ಲ. ಮಾದರಿಗೆ ಅಂತ ಹಳೆಯ ಮರವನ್ನಷ್ಟೇ ಅವರಿಗೆ ಕೊಡಿ. ಕಬ್ಬಿಣವನ್ನು ಮರಕ್ಕೆ ಕೂರಿಸುವ ಕೆಲಸ ಲೈಸೆನ್ಸ್ ಇರುವ ಕೋವಿ ಅಂಗಡಿಯಲ್ಲಿ, ನಿಮ್ಮ ಕಾಗದಪತ್ರ ಕೈಯಲ್ಲಿಟ್ಟುಕೊಂಡೇ ಆಗಲಿ. ನಾನೂ ಹಾಗೇ ಮಾಡಿದ್ದು. ಬಿಚ್ಚುವ ಮೊದಲು ಒಳಗೆ ಗುಂಡು ಇಲ್ಲ ಅಂತ ಕಣ್ಣಲ್ಲೂ ನೋಡಿ, ಬೆರಳಲ್ಲೂ ಮುಟ್ಟಿ. ನಮ್ಮನೆ ಕೋವಿ, ಖಾಲಿ ಅಂತ ಗೊತ್ತು ಅನ್ನಬೇಡಿ.

ಹೊಸದು ಬೇಕೇ ಬೇಕಾ?

ಬಹಳ ಸಲ ಬೇಕಾಗುವುದಿಲ್ಲ. ಇದು ನನಗೆ ಎರಡು ಸ್ಟಾಕಿನ ಖರ್ಚು ಆದ ಮೇಲೆ ಗೊತ್ತಾಯಿತು.

ಸೀಳು ಎಳೆಯ ಉದ್ದಕ್ಕೆ ಹೋಗಿದ್ದು, ಮರ ಎರಡು ತುಂಡಾಗಿರದಿದ್ದರೆ ರಿಪೇರಿ ಸಾಧ್ಯ. ಸೀಳನ್ನು ಸ್ವಲ್ಪ ಅಗಲಿಸಿ, ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ ಇಳಿಸಿ, ಹಳೆ ಸೈಕಲ್ ಟ್ಯೂಬಿನಿಂದ ಬಿಗಿಯಾಗಿ ಸುತ್ತಿ ಒಂದು ದಿನ ಬಿಡಬೇಕು. ಆಮೇಲೆ ಒಳಗಿನಿಂದ, ಹೊರಗೆ ಕಾಣದ ಹಾಗೆ, ಸಣ್ಣ ಹಿತ್ತಾಳೆ ಕಡ್ಡಿಯನ್ನೋ ಗಟ್ಟಿ ಮರದ ಗೂಟವನ್ನೋ ಅಡ್ಡ ಹೊಡೆದು ಅಂಟಿಸಿದರೆ, ಪಾಯಿಂಟ್ 22 ತರಹದ ಹಗುರ ಕೋವಿಗೆ ಅದು ಇನ್ನೊಂದು ತಲೆಮಾರು ಸಾಕು. 12 ಬೋರಿನ ದೊಡ್ಡ ಕೋವಿಯ ಒದೆತಕ್ಕೆ, ಅಂದರೆ ಗುಂಡು ಹಾರಿದಾಗ ಭುಜಕ್ಕೆ ಬೀಳುವ ಪೆಟ್ಟಿಗೆ, ಅಷ್ಟು ಧೈರ್ಯ ಹೇಳಲಾರೆ.

ತಗ್ಗು ಬಿದ್ದಿದ್ದರೆ ಇನ್ನೂ ಸುಲಭ. ಹತ್ತಿ ಬಟ್ಟೆ ಒದ್ದೆ ಮಾಡಿ ತಗ್ಗಿನ ಮೇಲಿಟ್ಟು, ಕಾದ ಇಸ್ತ್ರಿ ಪೆಟ್ಟಿಗೆಯ ಮೂತಿ ಒತ್ತಿ. ಚುಂಯ್ ಅಂತ ಆವಿ ಏಳುತ್ತದೆ, ಅದುಮಿ ಹೋಗಿದ್ದ ಎಳೆ ಮತ್ತೆ ಉಬ್ಬುತ್ತದೆ. ನಾಲ್ಕೈದು ಸಲ ಮಾಡಿದರೆ ಎಲ್ಲಿ ತಗ್ಗಿತ್ತು ಅಂತ ಹುಡುಕಬೇಕು. ಎಳೆ ಕತ್ತರಿಸಿಹೋಗಿದ್ದರೆ ಮಾತ್ರ ಇದು ನಡೆಯುವುದಿಲ್ಲ.

ಹಳೆ ಮರವನ್ನು ಕೈಬಿಡಲೇಬೇಕಾದ ಒಂದು ಸಂದರ್ಭ ಇದೆ: ಎಣ್ಣೆ ಕುಡಿದ ಮರ. ನಳಿಗೆ ಮೇಲೆ ಮಾಡಿ ವರ್ಷಗಟ್ಟಲೆ ನಿಲ್ಲಿಸಿಟ್ಟ ಕೋವಿಯಲ್ಲಿ, ಕಬ್ಬಿಣಕ್ಕೆ ಹಚ್ಚಿದ ಎಣ್ಣೆಯೆಲ್ಲ ಇಳಿದಿಳಿದು ಕತ್ತಿನ ಮರಕ್ಕೆ ಸೇರುತ್ತದೆ. ಅಲ್ಲಿ ಮರ ಕಪ್ಪಾಗಿ, ಉಗುರು ಒತ್ತಿದರೆ ಮೆತ್ತಗೆ ಅನಿಸುತ್ತದೆ. ಚಾಕ್ ಪುಡಿಯನ್ನು ಅಸಿಟೋನಿನಲ್ಲಿ ಕಲಸಿ ಮೆತ್ತಿ ಒಣಗಿಸಿದರೆ ಎಣ್ಣೆ ಒಂದಿಷ್ಟು ಹೊರಗೆ ಬರುತ್ತದೆ. ಆದರೆ ಮೆತ್ತಗಾದ ಮರ ಮತ್ತೆ ಗಟ್ಟಿಯಾಗುವುದಿಲ್ಲ, ಅಂಟೂ ಹಿಡಿಯುವುದಿಲ್ಲ. ನಮ್ಮ ಕೋವಿಯ ಕಥೆ ಇದೇ. ಒಂದೇ ಸಲ ಬಿದ್ದಿದ್ದಕ್ಕೆ ಮುರಿಯಿತು ಅಂದೆನಲ್ಲ, ನಿಜವಾಗಿ ಅದು ಇಪ್ಪತ್ತು ವರ್ಷದಿಂದ ಒಳಗೊಳಗೇ ಸಡಿಲ ಆಗುತ್ತಿತ್ತು. ಈಗ ನಳಿಗೆ ಕೆಳಗೆ ಮಾಡಿ ಇಡುತ್ತೇನೆ.

ಎಷ್ಟು ದೊಡ್ಡ ಮರ ಬೇಕು

ಇದನ್ನು ಮೊದಲೇ ನೋಡಿಕೊಳ್ಳಿ, ಅರ್ಧ ಆಯ್ಕೆ ಇಲ್ಲೇ ಮುಗಿಯುತ್ತದೆ. ಬೋಲ್ಟ್ ರೈಫಲಿಗೆ ಸಾಮಾನ್ಯವಾಗಿ ಒಂದೇ ಮರ, ಬಟ್ಟಿನಿಂದ (ಭುಜಕ್ಕೆ ಒತ್ತುವ ಹಿಂಭಾಗ) ನಳಿಗೆಯ ಅಡಿಯವರೆಗೆ. ಅದಕ್ಕೆ ಸುಮಾರು 32ರಿಂದ 34 ಇಂಚು ಉದ್ದ, ಎರಡೂಕಾಲು ಇಂಚು ದಪ್ಪ, ಬಟ್ಟಿನ ಕಡೆ 6ರಿಂದ 7 ಇಂಚು ಅಗಲದ ಹಲಗೆ ಬೇಕು. ಹಳೆ ಮನೆಯ ಬಾಗಿಲ ದಾರಂದ ಉದ್ದಕ್ಕೆ ಸಾಕು, ಅಗಲಕ್ಕೆ ಸಾಲುವುದಿಲ್ಲ. ಮಂಚದ ಕಾಲು ಅಂತೂ ಆಗುವುದೇ ಇಲ್ಲ.

ಜೋಡಿ ನಳಿಗೆಯ ಕೋವಿ, ಬ್ರಿಟಿಷ್ ಸೇನೆಯ ಲೀ ಎನ್‌ಫೀಲ್ಡ್ ವಂಶದ ರೈಫಲ್ ಇವುಗಳಲ್ಲಿ ಬಟ್ಟು ಬೇರೆ, ಮುಂದಿನ ಮರ ಬೇರೆ. ಬಟ್ಟಿಗೆ ಒಂದೂವರೆ ಅಡಿಯ ಒಳ್ಳೆ ತುಂಡು ಸಿಕ್ಕಿದರೆ ಸಾಕು, ಹಾಗಾಗಿ ಆಯ್ಕೆ ಜಾಸ್ತಿ. ಹಳೆಯ ಮಿಲಿಟರಿ ಲೀ ಎನ್‌ಫೀಲ್ಡಿನಲ್ಲಿ ಬಟ್ಟಿನ ಒಳಗಿನ ಉದ್ದ ಬೋಲ್ಟನ್ನು ತಿರುಗಿಸುವ ಮುಂಚೆ ಮುಂದಿನ ಮರವನ್ನು ತೆಗೆಯಬೇಕು. ಆ ಬೋಲ್ಟಿನ ತುದಿ ಮುಂದಿನ ಮರಕ್ಕೆ ಸಿಕ್ಕಿಕೊಂಡಿರುತ್ತದೆ. ಅದು ಗೊತ್ತಿಲ್ಲದೆ ತಿರುಗಿಸಿದರೆ, ಸರಿ ಇದ್ದ ಮರವೂ ಒಡೆಯುತ್ತದೆ.

ಬೀಟೆ: ಚಂದ ನೋಡಿ ಮೋಸ ಹೋದದ್ದು

ಕೊಡಗಿನಲ್ಲಿ, ಮಲೆನಾಡಿನಲ್ಲಿ ಯಾರನ್ನೇ ಕೇಳಿ, ಕೋವಿಗೆ ಬೀಟೆ ಹಾಕಿಸಿ ಅನ್ನುತ್ತಾರೆ. ನನಗೂ ಹಾಗೇ ಹೇಳಿದರು. ಹಳೆ ಮನೆ ಬಿಚ್ಚಿದಾಗ ಸಿಕ್ಕ ಬೀಟೆ ತೊಲೆಯ ತುಂಡು ನಮ್ಮ ಅಟ್ಟದಲ್ಲೇ ಇತ್ತು. ಗೀಚಿದರೆ ಒಳಗೆ ನೇರಳೆ ಕಂದು ಬಣ್ಣ, ನಡುವೆ ಕಪ್ಪು ಗೆರೆ. ಇನ್ನೇನು ಬೇಕು ಅಂದುಕೊಂಡೆ.

ಬೀಟೆ ಕೆಟ್ಟ ಮರ ಅಲ್ಲ. ಗಟ್ಟಿ, ಗೆದ್ದಲು ಹತ್ತಿರ ಬರುವುದಿಲ್ಲ, ಮಳೆಗಾಲದಲ್ಲಿ ಅಷ್ಟಾಗಿ ಉಬ್ಬುವುದೂ ಇಲ್ಲ. ತೊಂದರೆ ಮೂರು.

ಒಂದು, ತೂಕ. ಒಣಗಿದ ಬೀಟೆ ಒಂದು ಘನ ಮೀಟರಿಗೆ ಸುಮಾರು 850 ಕಿಲೊ ತೂಗುತ್ತದೆ, ವಾಲ್‌ನಟ್ 640ರ ಆಸುಪಾಸು. ವಾಲ್‌ನಟ್ಟಿನಲ್ಲಿ 900 ಗ್ರಾಂ ಬರುವ ಸ್ಟಾಕ್ ಬೀಟೆಯಲ್ಲಿ 1,200 ಗ್ರಾಂ ಹತ್ತಿರ ಹೋಗುತ್ತದೆ. 12 ಬೋರಿಗೆ ಅದು ಒಳ್ಳೆಯದೇ, ಒದೆತ ಕಡಿಮೆ ಅನಿಸುತ್ತದೆ. ಪಾಯಿಂಟ್ 22ಕ್ಕೆ ಹಿಂದೆ ಭಾರ ಜಾಸ್ತಿಯಾಗಿ ಮೂತಿ ಮೇಲೇಳುತ್ತದೆ, ಹಿಡಿದು ನಿಂತರೆ ಕೋವಿ ಕೈಯಲ್ಲಿ ಕೂರುವುದಿಲ್ಲ.

ಎರಡು, ಗಟ್ಟಿ ಅಂದರೆ ಬಾಗುವ ಗಟ್ಟಿ ಅಲ್ಲ. ಬೀಟೆ ಪೆಟ್ಟಿಗೆ ಚಿಪ್ಪು ಏಳುತ್ತದೆ. ಕತ್ತಿನ ಜಾಗದಲ್ಲಿ ಎಳೆ ಓರೆಯಾಗಿದ್ದರಂತೂ ಕೇಳುವುದೇ ಬೇಡ. ನನ್ನ ತೊಲೆಯ ತುಂಡಿನಲ್ಲಿ ಕಪ್ಪು ಗೆರೆ ಬಟ್ಟಿನ ಮೇಲೆ ಚಂದ ಕಾಣಲಿ ಅಂತ ಮಾದರಿಯನ್ನು ಓರೆಯಾಗಿ ಬರೆಸಿದ್ದು ನಾನೇ. ಆಚಾರಿ ಬೇಡ ಅಂದಿದ್ದರು. 'ನೀವು ಗೆರೆ ನೋಡ್ತಿದ್ದೀರಿ, ನಾನು ಕತ್ತು ನೋಡ್ತಿದ್ದೀನಿ' ಅಂದರು. ಕೇಳಲಿಲ್ಲ. ಆ ಸ್ಟಾಕ್ ಹಾಕಿಸಿ ಏಳು ತಿಂಗಳಿಗೆ ಕೋವಿ ಜೀಪಿನ ಸೀಟಿನಿಂದ ಜಾರಿತು. ಎರಡೂವರೆ ಅಡಿ ಎತ್ತರ ಅಷ್ಟೇ. ಕತ್ತು ಬಿಸ್ಕತ್ತಿನ ಹಾಗೆ ಮುರಿಯಿತು.

ಮೂರನೆಯದು ಎಣ್ಣೆಯ ಜಗಳ. ಬೀಟೆಯ ಒಳಗೇ ಒಂದು ಬಗೆಯ ಎಣ್ಣೆ, ರಾಳದ ಅಂಶ ಇದೆ. ಅಗಸೆ ಎಣ್ಣೆ, ಟಂಗ್ ಮರದ ಬೀಜದಿಂದ ತೆಗೆಯುವ ಟಂಗ್ ಎಣ್ಣೆ ಇವು ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುವಂಥವು. ಬೀಟೆಯ ಅಂಶ ಅದನ್ನೇ ತಡೆಯುತ್ತದೆ. ಬೇರೆ ಮರದ ಮೇಲೆ ಎರಡು ದಿನದಲ್ಲಿ ಒಣಗುವ ಎಣ್ಣೆ ಬೀಟೆಯ ಮೇಲೆ ವಾರಗಟ್ಟಲೆ ಅಂಟಂಟಾಗಿಯೇ ಇರುತ್ತದೆ. ನಾನು ಅದನ್ನು ಜುಲೈಯಲ್ಲಿ ಹಚ್ಚಿದೆ, ಬುದ್ಧಿವಂತಿಕೆ ನೋಡಿ. ಮೂರು ವಾರ ಆದ ಮೇಲೂ ಹೆಬ್ಬೆರಳ ಗುರುತು ಬೀಳುತ್ತಿತ್ತು, ಒಲೆಯ ಬೂದಿ, ನಾಯಿಯ ಕೂದಲು ಎಲ್ಲ ಅದರ ಮೇಲೆ. ಕೊನೆಗೆ ಟರ್ಪಂಟೈನಿನಲ್ಲಿ ಒರೆಸಿ ತೆಗೆದೆ. ಬೀಟೆಗೆ ಮೊದಲು ಅರಗಿನ ಪಾಲಿಶ್ ಎರಡು ತೆಳು ಕೋಟ್ ಕೊಟ್ಟು ಒಳಗಿನ ಎಣ್ಣೆಗೆ ಬಾಗಿಲು ಹಾಕಬೇಕು, ಮೇಲೆ ಏನು ಬೇಕಾದರೂ ಬಳಿಯಬಹುದು. ಇದು ಆಮೇಲೆ ಕಲಿತದ್ದು.

ಬೀಟೆ ಧೂಳು ಕೆಲವರಿಗೆ ಮೈ ತುರಿಕೆ, ಉಬ್ಬಸ ತರುತ್ತದೆ. ಉಜ್ಜುವಾಗ ಮಾಸ್ಕ್ ಇರಲಿ. ಸ್ವಂತ ತೋಟದ ಬೀಟೆಯಾದರೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಡಿಯುವ ಹಾಗಿಲ್ಲ. ಹಳೆ ತೊಲೆ, ಹಳೆ ಪೀಠೋಪಕರಣದ ಮರ ನೋಡಿಕೊಳ್ಳುವುದೇ ವಾಸಿ. ಇನ್ನು, ಪೀಠೋಪಕರಣದ ಅಂಗಡಿಗಳಲ್ಲಿ ರೋಸ್‌ವುಡ್ ಅಂತ ಮಾರುವುದರಲ್ಲಿ ಬಹಳಷ್ಟು ಉತ್ತರ ಭಾರತದ ಶೀಶಂ. ಅದು ಬೀಟೆಯ ದಾಯಾದಿ, ಬಣ್ಣ ಹೊನ್ನುಗಂದು, ತೂಕ ಸ್ವಲ್ಪ ಕಡಿಮೆ. ಕೋವಿಗೆ ಮಾತ್ರ ಅದೇನೂ ಕೆಟ್ಟ ಆಯ್ಕೆ ಅಲ್ಲ, ನೇರ ಎಳೆಯ ತುಂಡು ಸಿಕ್ಕರೆ ಬೀಟೆಗಿಂತ ನಾನು ಅದನ್ನೇ ಆರಿಸುವೆ.

ವಾಲ್‌ನಟ್

ಅಕ್ರೋಟ್ ಮರ. ಜಗತ್ತಿನ ಕೋವಿಗಳೆಲ್ಲ ನೂರಾರು ವರ್ಷದಿಂದ ಇದರ ಹಿಂದೆ ಯಾಕೆ ಬಿದ್ದಿವೆ ಅನ್ನುವುದು ಉಳಿ ಹಾಕಿದ ಮೇಲೆ ಅರ್ಥವಾಗುತ್ತದೆ. ಬೀಟೆಯಲ್ಲಿ ಉಳಿ ಕಟಕಟ ಅನ್ನುತ್ತದೆ, ಚಕ್ಕೆ ಹಾರುತ್ತದೆ. ವಾಲ್‌ನಟ್ಟಿನಲ್ಲಿ ಗಟ್ಟಿ ಬೆಲ್ಲ ಹೆರೆದ ಹಾಗೆ ಸುರುಳಿ ಸುರುಳಿಯಾಗಿ ಬರುತ್ತದೆ, ಅಂಚು ಚೂಪಾಗಿ ನಿಲ್ಲುತ್ತದೆ. ತೂಕಕ್ಕೆ ಹೋಲಿಸಿದರೆ ಪೆಟ್ಟು ತಡೆಯುವ ಶಕ್ತಿ ಜಾಸ್ತಿ, ಒಣಗಿದ ಮೇಲೆ ತಿರುಚುವುದು ಕಡಿಮೆ. ಹಿಡಿಯ ಮೇಲೆ ಹಾಕುವ ಸಣ್ಣ ಚೌಕದ ಕೆತ್ತನೆ, ಇಂಚಿಗೆ 20 ಗೆರೆ ಹಾಕಿದರೂ ಉದುರುವುದಿಲ್ಲ. ತೇಗದಲ್ಲಿ ಅದನ್ನು ಪ್ರಯತ್ನಿಸಿ ನೋಡಿ.

ನಮ್ಮ ದೇಶದಲ್ಲಿ ಇದು ಕಾಶ್ಮೀರದ ಮರ. ಶ್ರೀನಗರದ ರೈನಾವಾರಿಯಲ್ಲಿ ಕೋವಿ ಮಾಡುವವರ ಕೇರಿಯೇ ಇದೆ, ಬಂದೂಕ್ ಖಾರ್ ಮೊಹಲ್ಲಾ ಅಂತ. ಅವರ ಕೋವಿಗಳಿಗೂ ಅಕ್ರೋಟ್ ಮರವೇ. ಅಲ್ಲೂ ಆ ಮರ ಕಡಿಯಲು 1969ರ ಕಾನೂನಿನ ಕಟ್ಟುಪಾಡು ಇದೆ, ಹಾಗಾಗಿ ಅಗ್ಗ ಅಲ್ಲ, ಕೇಳಿದ ತಕ್ಷಣ ಸಿಗುವುದೂ ಇಲ್ಲ. ನನಗೆ ಲೈಸೆನ್ಸ್ ಇರುವ ಕೋವಿ ಅಂಗಡಿಯವರು ನಾಲ್ಕು ತಿಂಗಳು ಕಾಯಿಸಿ ಒಂದು ಹಲಗೆ ತರಿಸಿಕೊಟ್ಟರು. ಬಟ್ಟಿನ ಕಡೆ ಸ್ವಲ್ಪ ಅಲೆಅಲೆ, ಕತ್ತಿನ ಕಡೆ ದಾರ ಎಳೆದ ಹಾಗೆ ನೇರ. ಕಡಿಮೆ ಬೆಲೆಯದನ್ನೇ ತಗೊಂಡೆ, ಬೇಸರ ಇಲ್ಲ. ಮೈತುಂಬ ಚಿತ್ತಾರ ಇರುವ ಹಲಗೆ ನೋಡಲು ಹಬ್ಬ, ಆದರೆ ಚಿತ್ತಾರ ಅಂದರೆ ಎಳೆ ಸುತ್ತಿಕೊಂಡಿದೆ ಅಂತಲೇ ಅರ್ಥ. ಅದು ಬಟ್ಟಿನಲ್ಲಿ ಇರಲಿ, ಕತ್ತಿಗೆ ಬರಬಾರದು.

ವಿದೇಶದಲ್ಲಿರುವ ನೆಂಟರು ಅರ್ಧ ಕೆತ್ತಿದ ಸ್ಟಾಕ್ ತರಿಸಿ ಕೊಡುತ್ತೇನೆ ಅನ್ನಬಹುದು. ಅಲ್ಲಿ ಅದು ಮಾಮೂಲು ಸಾಮಾನು. ಇಲ್ಲಿಗೆ ಕೋವಿಯ ಭಾಗ ತರಿಸುವ ಮುಂಚೆ ಕೋವಿ ಅಂಗಡಿಯವರನ್ನೋ ಡಿಸಿ ಕಚೇರಿಯನ್ನೋ ಕೇಳಿ. ಸುಮ್ನೆ ಸೂಟ್‌ಕೇಸಿನಲ್ಲಿ ಹಾಕಿಸಿಕೊಳ್ಳಬೇಡಿ.

ತೇಗ, ಹಲಸು ಮತ್ತು ತೋಟದ ಉಳಿದ ಮರಗಳು

ವಾಲ್‌ನಟ್ ಸಿಗದಿದ್ದರೆ ನನ್ನ ಎರಡನೇ ಆಯ್ಕೆ ತೇಗ. ಕೆಲವರು ಮೂಗು ಮುರಿಯುತ್ತಾರೆ, ಬಾಗಿಲು ಕಿಟಕಿಯ ಮರ ಅಂತ. ಆದರೆ ತೂಕ ವಾಲ್‌ನಟ್ಟಿನಷ್ಟೇ, ಸುಮಾರು 650. ತೇವಕ್ಕೆ ಉಬ್ಬಿ ಕುಗ್ಗುವುದು ಅದಕ್ಕಿಂತಲೂ ಕಡಿಮೆ. ಮಡಿಕೇರಿಯ ಹಾಗೆ ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಬೀಳುವ ಕಡೆ ಇದು ಸಣ್ಣ ಮಾತಲ್ಲ. ಕೊರತೆ ಏನಪ್ಪಾ ಅಂದರೆ ತೇಗ ಎಳೆಯ ಉದ್ದಕ್ಕೆ ಬೇಗ ಸೀಳುತ್ತದೆ. ಅದರಲ್ಲಿ ಮರಳಿನಂಥ ಸಿಲಿಕಾ ಇರುವುದರಿಂದ ಉಳಿಯ ಬಾಯಿ ಬೇಗ ಮೊಂಡಾಗುತ್ತದೆ, ಆಚಾರಿ ದಿನಕ್ಕೆ ನಾಲ್ಕು ಸಲ ಸಾಣೆ ಕಲ್ಲು ಹುಡುಕುತ್ತಾರೆ. ಮೈಯಲ್ಲಿ ಎಣ್ಣೆ ಇರುವುದರಿಂದ ಅಂಟಿಸುವ ಮುಂಚೆ ಅಸಿಟೋನಿನಲ್ಲಿ ಒರೆಸಬೇಕು. ಪಾಯಿಂಟ್ 22ಕ್ಕೆ ಧಾರಾಳವಾಗಿ ಹಾಕಿ. 12 ಬೋರಿಗಾದರೆ ಕತ್ತನ್ನು ಒಂದು ನೂಲು (ಇಂಚಿನ ಎಂಟನೇ ಒಂದು ಪಾಲು) ದಪ್ಪ ಬಿಡಿಸಿ. ಹಳೆ ತೇಗದ ಚೇಗು, ಅಂದರೆ ನಡುವಿನ ಗಟ್ಟಿ ಮರ, ಇರಲಿ, ಬೇಗ ಬೆಳೆಸಿದ ತೋಟದ ಎಳೆ ತೇಗ ಬೇಡ.

ಹಲಸು ಹಗುರ, ಕೆತ್ತಲು ಸುಲಭ. ಮೊದಲು ಅರಿಶಿನ ಬಣ್ಣ, ನಾಲ್ಕೈದು ವರ್ಷದಲ್ಲಿ ತಾನೇ ಕಂದಾಗುತ್ತದೆ. ಹಗುರ ಕೋವಿಗೆ ಆದೀತು. ತೋಟದಲ್ಲಿ ಸಿಲ್ವರ್ ಓಕ್ ಬೇಕಾದಷ್ಟಿದೆ, ಸರಿಯಾಗಿ ಕೊಯ್ದರೆ ಜರಿಯಂಥ ಹೊಳೆಯುವ ಚುಕ್ಕೆಯೂ ಬರುತ್ತದೆ, ಆದರೆ ತೀರಾ ಮೆತ್ತಗೆ. ಮಾವು ಬೇಡವೇ ಬೇಡ, ಹುಳ ಹಿಡಿಯುತ್ತದೆ. ತೆಳು ಪದರಗಳನ್ನು ಅಂಟಿಸಿ ಮಾಡಿದ ಲ್ಯಾಮಿನೇಟ್ ಸ್ಟಾಕ್ ಮಳೆಗೆ ಎಲ್ಲಕ್ಕಿಂತ ಗಟ್ಟಿಮುಟ್ಟು, ಭಾರವೂ ಹೌದು. ನಮ್ಮ ಹಳೆ ಕೋವಿಗಳ ಅಳತೆಗೆ ಅದನ್ನು ಹುಡುಕುವುದರಲ್ಲಿ ಅರ್ಥವಿಲ್ಲ.

ಒಣಗಿದೆಯಾ, ಇಲ್ಲವಾ

ಮರದ ಜಾತಿಗಿಂತ ಜಾಸ್ತಿ ಕೋವಿ ಹಾಳಾಗುವುದು ಹಸಿ ಮರದಿಂದ. ನೆರಳಲ್ಲಿ ಗಾಳಿಗೆ ಒಣಗಿಸಿದರೆ ಒಂದು ಇಂಚು ದಪ್ಪಕ್ಕೆ ಸರಿಸುಮಾರು ಒಂದು ವರ್ಷ ಬೇಕು. ಎರಡೂಕಾಲು ಇಂಚಿಗೆ ಎರಡು ವರ್ಷದ ಮೇಲೆ. 'ಚೆನ್ನಾಗಿ ಒಣಗಿದೆ ಸಾರ್' ಅನ್ನುವ ಮಾತನ್ನು ನಂಬಬೇಡಿ. ಹಲಗೆ ಮನೆಗೆ ತಂದು ಎರಡೂ ತುದಿಗೆ ಮೇಣ ಬಳಿದು ವಾರಕ್ಕೊಮ್ಮೆ ತೂಗಿ. ಅಡುಗೆ ಮನೆಯ ಡಿಜಿಟಲ್ ತಕ್ಕಡಿ ಸಾಕು. ತೂಕ ಇಳಿಯುತ್ತಿದ್ದರೆ ಇನ್ನೂ ನೀರಿದೆ. ಬೇಸಗೆಯಲ್ಲಿ ನಾಲ್ಕು ವಾರ ಒಂದೇ ತೂಕ ನಿಂತರೆ ಉಳಿ ಹಾಕಬಹುದು. ನನ್ನ ವಾಲ್‌ನಟ್ ಹಲಗೆ ಬಂದಾಗಿನಿಂದ 70 ಗ್ರಾಂ ಇಳಿದು ನಿಂತಿತು.

ಗಾಳಿಯ ತೇವ ಶೇ 65 ಇದ್ದರೆ ಮರದೊಳಗಿನ ನೀರು ಸುಮಾರು ಶೇ 12ಕ್ಕೆ ನಿಲ್ಲುತ್ತದೆ. ಜುಲೈಯ ಹಾಗೆ ಶೇ 90 ಆದರೆ ಶೇ 20ರ ಆಸುಪಾಸಿಗೆ ಏರುತ್ತದೆ. ಅಂದರೆ ಎಷ್ಟೇ ಒಣಗಿಸಿದರೂ ಮಳೆಗಾಲದಲ್ಲಿ ಮರ ಮತ್ತೆ ಕುಡಿಯುತ್ತದೆ. ನಾವು ಬಳಿಯುವುದೆಲ್ಲ ಅದನ್ನು ನಿಧಾನ ಮಾಡಲಿಕ್ಕೆ ಅಷ್ಟೇ. ಪೂರ್ತಿ ತಡೆಯುವ ಪಾಲಿಶ್ ಯಾವುದೂ ಇಲ್ಲ.

ಕೂರಿಸುವುದು

ಕೋವಿ ಅಂಗಡಿಯಲ್ಲಿ ನಾನು ಎರಡು ದಿನ ಕೂತು ನೋಡಿದ ಕೆಲಸ ಇದು. ಎಣ್ಣೆ ದೀಪದ ಮೇಲೆ ತಗಡು ಹಿಡಿದು ಕಾಡಿಗೆ ಕಟ್ಟಿಸಿ, ಒಂದು ಹನಿ ಎಣ್ಣೆಯಲ್ಲಿ ಕಲಸಿ ಕಬ್ಬಿಣದ ಅಡಿಗೆ ತೆಳುವಾಗಿ ಸವರಿದರು. ಅದನ್ನು ಮರದ ಗುಂಡಿಗೆ ಇಳಿಸಿ, ಮೆಲ್ಲಗೆ ಒತ್ತಿ, ಎತ್ತಿದರು. ಮರದಲ್ಲಿ ಎಲ್ಲೆಲ್ಲಿ ಕಪ್ಪು ಹತ್ತಿದೆಯೋ ಅಲ್ಲಷ್ಟೇ ಕೆರೆದರು. ಮತ್ತೆ ಸವರು, ಮತ್ತೆ ಇಳಿಸು. ಬೆಳಗ್ಗೆ ನಾಲ್ಕೇ ಚುಕ್ಕೆ ಹತ್ತುತ್ತಿದ್ದದ್ದು ಸಂಜೆ ಹೊತ್ತಿಗೆ ಇಡೀ ತಳಕ್ಕೆ ಹತ್ತಿತು. ಕಬ್ಬಿಣದ ಹಿಂಬದಿಯ ಬಾಲದ ಹಿಂದೆ ಮಾತ್ರ ಕೂದಲೆಳೆಯಷ್ಟು ಸಂದು ಬಿಟ್ಟರು. ಅಲ್ಲಿ ಬಿಗಿಯಾಗಿದ್ದರೆ ಪ್ರತಿ ಒದೆತಕ್ಕೂ ಕಬ್ಬಿಣ ಮರಕ್ಕೆ ಬೆಣೆಯ ಹಾಗೆ ಹೊಡೆಯುತ್ತದಂತೆ. 12 ಬೋರಿನ ಹಳೆ ಬಟ್ಟುಗಳಲ್ಲಿ ಸೀಳು ಅಲ್ಲಿಂದಲೇ ಶುರುವಾಗುವುದನ್ನು ನೀವೂ ನೋಡಿರುತ್ತೀರಿ.

ಕೆಲಸ ಸರಿ ಆಗಿದೆಯಾ ಅಂತ ಮನೆಯಲ್ಲೇ ನೋಡಲು ಒಂದು ಹತ್ತು ರೂಪಾಯಿ ನೋಟು ಸಾಕು. ನಳಿಗೆಗೂ ಮುಂದಿನ ಮರಕ್ಕೂ ನಡುವೆ ನೋಟು ತೂರಿಸಿ ಹಿಂದಕ್ಕೆ ಎಳೆಯಿರಿ. ಎರಡೂ ಬದಿ ಸಲೀಸಾಗಿ ಜಾರಿದರೆ ನಳಿಗೆ ಮರಕ್ಕೆ ತಾಕದೆ ಆರಾಮವಾಗಿದೆ. ಕೆಲವು ಕೋವಿಗಳಲ್ಲಿ ಮೂತಿಯ ಕಡೆ ಬೇಕೆಂದೇ ಸ್ವಲ್ಪ ಒತ್ತು ಕೊಟ್ಟಿರುತ್ತಾರೆ, ಅದು ಬೇರೆ. ಆದರೆ ಬೇಸಗೆಯಲ್ಲಿ ಜಾರುತ್ತಿದ್ದ ನೋಟು ಆಗಸ್ಟಿನಲ್ಲಿ ಒಂದು ಬದಿ ಸಿಕ್ಕಿಕೊಂಡರೆ ಮರ ಉಬ್ಬಿ ನಳಿಗೆಯನ್ನು ತಳ್ಳುತ್ತಿದೆ. ಸೆಪ್ಟೆಂಬರಿನ ಸ್ಪರ್ಧೆಯಲ್ಲಿ ಗುಂಡು ತೆಂಗಿನಕಾಯಿಯ ಪಕ್ಕದಲ್ಲಿ ಹಾದು ಹೋಗುವುದಕ್ಕೆ ಕಣ್ಣನ್ನೇ ಬೈಯಬೇಕಾಗಿಲ್ಲ.

ಏನು ಬಳಿಯುವುದು

ಬಳಿಯುವ ಮುಂಚಿನ ಕೆಲಸವೇ ಮುಕ್ಕಾಲು ಪಾಲು. ಸ್ಯಾಂಡ್ ಪೇಪರ್ 120, 180, 240, 320, ಯಾವಾಗಲೂ ಎಳೆಯ ಉದ್ದಕ್ಕೆ. ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿದರೆ ಸಣ್ಣ ಕೂದಲಿನಂಥ ನಾರು ಎದ್ದು ನಿಲ್ಲುತ್ತದೆ. ಅದನ್ನು ಉಜ್ಜಿ. ಮೂರು ಸಲ ಹೀಗೆ ಮಾಡಿದರೆ ಮೊದಲ ಮಳೆಗೆ ಮೈ ತರಿತರಿ ಆಗುವುದಿಲ್ಲ. ಈ ಮೂರು ಸಲದಲ್ಲಿ ಒಂದನ್ನು ತಪ್ಪಿಸುವವರೇ ಜಾಸ್ತಿ.

ಪೇಂಟ್ ಅಂಗಡಿಯಲ್ಲಿ ಡಬಲ್ ಬಾಯಿಲ್ಡ್ ಲಿನ್‌ಸೀಡ್ ಆಯಿಲ್ ಅಂತ ಸಿಗುವ ಅಗಸೆ ಎಣ್ಣೆ ಅಗ್ಗ. ಬಣ್ಣ ಬೆಚ್ಚಗೆ ಬರುತ್ತದೆ, ಗೀರು ಬಿದ್ದರೆ ಮೇಲೊಂದು ಕೈ ಎಣ್ಣೆ ಸವರಿದರಾಯಿತು. ಮೈಸೂರು, ತುಮಕೂರಿನ ಕಡೆ ಇದೇ ಸಾಕು. ಕೊಡಗಿನಲ್ಲಿ ಬರೀ ಇದನ್ನೇ ನಂಬಿದರೆ ಆಗಸ್ಟಿನಲ್ಲಿ ಬಟ್ಟಿನ ಮೇಲೆ ಬೂಷ್ಟು ಹಿಡಿಯುತ್ತದೆ. ನೀರನ್ನು ತಡೆಯುವುದೂ ಕಮ್ಮಿ. ಟಂಗ್ ಎಣ್ಣೆ ಇದಕ್ಕಿಂತ ಎಷ್ಟೋ ಮೇಲು, ಬೆಲೆಯೂ ಹಾಗೇ, ಸಣ್ಣ ಊರುಗಳಲ್ಲಿ ಸಿಗುವುದಿಲ್ಲ.

ಅರಗಿನ ಫ್ರೆಂಚ್ ಪಾಲಿಶ್ ಬೀಟೆಯ ಮೇಲೆ ನೋಡಿದರೆ ಕಣ್ಣು ಕೀಳಲಾಗುವುದಿಲ್ಲ. ಆದರೆ ಒಂದು ಹನಿ ನೀರು ನಿಂತರೆ ಬಿಳಿ ಕಲೆ, ಸ್ಪಿರಿಟ್ ತಾಗಿದರೆ ಕರಗಿತು. ಗೋಡೆಯ ಮೇಲಷ್ಟೇ ಇರುವ, ವರ್ಷಕ್ಕೊಮ್ಮೆ ಪೂಜೆಗೆ ಇಳಿಯುವ ಕೋವಿಗೆ ಹಾಕಿಸಿ. ಪಿಯು (ಪಾಲಿಯುರೆಥೇನ್) ವಾರ್ನಿಷ್ ಇದರ ತದ್ವಿರುದ್ಧ. ನೀರನ್ನು ಎಲ್ಲಕ್ಕಿಂತ ಚೆನ್ನಾಗಿ ತಡೆಯುತ್ತದೆ, ಆದರೆ ದಪ್ಪವಾಗಿ ಹೊಡೆದರೆ ಮರ ಪ್ಲಾಸ್ಟಿಕ್ ಕವರಿನೊಳಗೆ ಕೂತ ಹಾಗೆ ಕಾಣುತ್ತದೆ. ಗೀರು ಬಿದ್ದರೆ ಆ ಜಾಗವನ್ನಷ್ಟೇ ಸರಿ ಮಾಡುವುದು ಕಷ್ಟ, ಇಡೀ ಮೈ ಉಜ್ಜಬೇಕು.

ನಾನು ಮಾಡಿದ್ದು ನಡುವಿನ ದಾರಿ. ಅಗಸೆ ಎಣ್ಣೆ, ಪಿಯು ವಾರ್ನಿಷ್, ಟರ್ಪಂಟೈನ್ ಮೂರೂ ಸಮ. ಒಂದು ಚಮಚದಷ್ಟನ್ನು ಹಳೆ ಬನಿಯನ್ ತುಂಡಿನಲ್ಲಿ ಮೈಗೆಲ್ಲ ಹಚ್ಚಿ, ಹತ್ತು ನಿಮಿಷ ಬಿಟ್ಟು, ಒಣ ಬಟ್ಟೆಯಲ್ಲಿ ಪೂರ್ತಿ ಒರೆಸಬೇಕು. ಪೂರ್ತಿ ಅಂದರೆ ಪೂರ್ತಿ, ಮೇಲೆ ಏನೂ ಉಳಿದಿಲ್ಲ ಅನಿಸುವಷ್ಟು. ಮೊದಲ ಎರಡು ಸಲ 400ರ ಪೇಪರಿನಲ್ಲಿ ಎಣ್ಣೆ ಹಸಿ ಇರುವಾಗಲೇ ಉಜ್ಜಿದೆ. ಧೂಳೂ ಎಣ್ಣೆಯೂ ಸೇರಿ ಕೆಸರಾಗಿ ಮರದ ಸಣ್ಣ ತೂತಿನೊಳಗೆ ಕೂರುತ್ತದೆ, ಆ ಕೆಸರನ್ನು ಮಾತ್ರ ಒರೆಸದೆ ಒಣಗಲು ಬಿಡಬೇಕು. ಮುಂದೆ ದಿನಕ್ಕೊಂದರ ಹಾಗೆ ಏಳು ಕೋಟ್, ಎಲ್ಲ ಫೆಬ್ರವರಿಯ ಬಿಸಿಲಿನ ದಿನಗಳಲ್ಲಿ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ.

ಎಣ್ಣೆ ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯೊಳಗೆ ಬಿಸಿ ಕೂಡಿಕೊಂಡು ಬೆಂಕಿ ತಾನಾಗಿಯೇ ಹತ್ತಿಕೊಳ್ಳುತ್ತದೆ. ಕಾಫಿ ಕಣದ ಪಕ್ಕದ ಶೆಡ್ಡಿನಲ್ಲಿ ಗೋಣಿಚೀಲದ ರಾಶಿ ಇರುವವರಿಗೆ ಇದನ್ನು ಎರಡು ಸಲ ಹೇಳಬೇಕು. ಬಟ್ಟೆಯನ್ನು ಬೇಲಿಯ ಮೇಲೆ ಬಿಡಿಸಿ ಒಣಹಾಕಿ, ಇಲ್ಲವೇ ನೀರು ತುಂಬಿದ ಡಬ್ಬಿಗೆ ಹಾಕಿ.

ಕೊನೆಗೆ, ಯಾರೂ ನೋಡದ ಜಾಗ. ಬಟ್ಟಿನ ತಗಡು ಬಿಚ್ಚಿದರೆ ಕಾಣುವ ಮರದ ಕೊರೆದ ಮುಖ, ಕಬ್ಬಿಣ ಕೂರುವ ಗುಂಡಿ, ಸ್ಕ್ರೂ ತೂತು. ಮರ ಹೆಚ್ಚಾಗಿ ನೀರು ಕುಡಿಯುವುದು ಮೈಯಿಂದ ಅಲ್ಲ, ಈ ಬಾಯಿಗಳಿಂದ. ಅಜ್ಜನ ಹಳೆ ಸ್ಟಾಕಿನ ಹೊರಗೆ ಕನ್ನಡಿಯಂಥ ಹೊಳಪು ಇತ್ತು, ಬಟ್ಟಿನ ತಗಡಿನ ಹಿಂದೆ ಬರೀ ಬೋಳು ಮರ. ಅಲ್ಲೆಲ್ಲ ಪಿಯು ವಾರ್ನಿಷ್ ತೆಳುವಾಗಿ ಎರಡು ಸಲ ಬಳಿದೆ. ತೂತುಗಳಿಗೆ ಕಿವಿಗೆ ಹಾಕುವ ಹತ್ತಿಕಡ್ಡಿ.

ವಾಲ್‌ನಟ್ ಸ್ಟಾಕಿಗೆ ಈಗ ಮೂರು ಮಳೆಗಾಲ ಆಯಿತು. ಹೋದ ಆಗಸ್ಟಿನಲ್ಲಿ ನೋಟು ತೂರಿಸಿ ನೋಡಿದೆ, ಎಡಗಡೆ ಒಂದು ಚೂರು ಬಿಗಿ, ಆದರೂ ಜಾರಿತು. ಮುರಿದ ಬೀಟೆಯನ್ನು ಆಚಾರಿ ತಗೊಂಡು ಹೋಗಿದ್ದರು. ಅದರಿಂದ ನಾಲ್ಕು ಕತ್ತಿಗೆ ಹಿಡಿ ಮಾಡಿದ್ದಾರೆ, ಒಂದನ್ನು ನನಗೆ ಕೊಟ್ಟರು. ಕಪ್ಪು ಗೆರೆ ಅದರಲ್ಲಿ ಬಹಳ ಚಂದ ಬಂದಿದೆ.